ತೆಳ್ಳಗಿರುವ, ತೋಟದಲ್ಲಿ ದುಡಿಯುವ ಅಪ್ಪನಿಗೆ ಬಿಪಿ 160/100 ಯಾಕೆ?

ಚಿಂತಾಮಣಿ ಕಡೆಯ ನಿಮ್ಮ ಅಪ್ಪನಿಗೆ ಆರೋಗ್ಯ ಶಿಬಿರದಲ್ಲಿ ಬಿಪಿ 160/100 ಬಂತು ಅಂತ ಕೇಳಿದ್ದೀರಿ. ಬೀಡಿ ಮತ್ತು ಉಪ್ಪು, ನನಗೆ ಮೊದಲ ಅನುಮಾನ ಇವೆರಡರ ಮೇಲೇ. ದಿನವಿಡೀ ಟೊಮ್ಯಾಟೊ ತೋಟದಲ್ಲಿ ದುಡಿಯೋದು ಹೃದಯಕ್ಕೆ ಒಳ್ಳೆಯದೇ, ಆದರೆ ದಿನಕ್ಕೊಂದು ಕಟ್ಟು ಬೀಡಿ ಮತ್ತು ಎರಡು ಹೊತ್ತೂ ಉಪ್ಪಿನಕಾಯಿ ಇದ್ದರೆ ಬೆವರು ಸುರಿಸಿದ ಮಾತ್ರಕ್ಕೆ ಅದು ಸರಿಹೋಗಲ್ಲ. ತೆಳ್ಳಗಿರೋರಿಗೂ ಬಿಪಿ ಬರುತ್ತೆ, ವಂಶದಲ್ಲಿದ್ದರೆ ಇನ್ನೂ ಜಾಸ್ತಿ.

ಶಿಬಿರದಲ್ಲಿ ಒಂದೇ ಸಲ ನೋಡಿದ ಲೆಕ್ಕ ಪಕ್ಕಾ ಅಲ್ಲ. ಮೊದಲು ಈ ವಾರದಲ್ಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆದುಕೊಂಡು ಹೋಗಿ. ಅರ್ಧ ಗಂಟೆ ಮುಂಚೆಯಿಂದ ಬೀಡಿ, ಟೀ ಬೇಡ. ಐದು ನಿಮಿಷ ಸುಮ್ನೆ ಕೂತಿರಲಿ, ಆಮೇಲೆ ಎರಡು ಸಲ ನೋಡಿಸಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದ್ದರೆ ಬಿಪಿ ಇದೆ ಅಂತಲೇ ಅರ್ಥ. ಆಗ ಚಿಂತಾಮಣಿ ತಾಲೂಕು ಆಸ್ಪತ್ರೆಯಲ್ಲಿ ಶುಗರ್, ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿ. ಮಾತ್ರೆ ಬರೆದುಕೊಟ್ಟರೆ, ತಲೆನೋವಿಲ್ಲ, ಸುಸ್ತಿಲ್ಲ ಅಂತ ಅವರೇ ನಿಲ್ಲಿಸದ ಹಾಗೆ ನೋಡಿಕೊಳ್ಳಿ, ನಮ್ಮ ಕಡೆ ಎಡವೋದೇ ಇಲ್ಲಿ.

ಮನೆಯಲ್ಲಿ ಉಪ್ಪು ದಿನಕ್ಕೆ ತಲೆಗೊಂದು ಟೀ ಚಮಚದೊಳಗಿರಲಿ, ಸಾರಿಗೆ ಹಾಕೋದೂ ಸೇರಿ. ಬೀಡಿ ಬಿಟ್ಟು ಕಡ್ಡಿಪುಡಿ ಹಿಡಿದರೆ ಪ್ರಯೋಜನವಿಲ್ಲ, ಅದೂ ತಂಬಾಕೇ ಅಲ್ವಾ.

ಎದೆ ಹಿಂಡಿದ ಹಾಗಾಗಿ ತಣ್ಣನೆ ಬೆವರು ಬಂದರೆ, ಎಡಗೈ ಅಥವಾ ದವಡೆ ನೋವು ಬಂದರೆ, ದಯವಿಟ್ಟು ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.