ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಸ್‌ಬಾಲ್‌ನ ಎಳೆಯ ತಾರೆಗಳ ಸಂಬಳ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂಬಳ ಹೇಗೆ ನಿಗದಿಯಾಗುತ್ತದೆ ಎಂದು ಹಲವರು ಕೇಳಿದ್ದೀರಿ. ಆ ಪ್ರಶ್ನೆಗಳಲ್ಲಿ ಬಹುಪಾಲು ಹೊಸ ಆಟಗಾರರ ಬಗ್ಗೆಯೇ ಇರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಮೊತ್ತಗಳೆಲ್ಲ ಡಾಲರ್‌ನಲ್ಲಿವೆ.

ಪ್ರಶ್ನೆ: ಮೊದಲ ವರ್ಷವೇ ಮಿಂಚಿದ ಹುಡುಗನಿಗೆ ಕನಿಷ್ಠ ಸಂಬಳ, ಆಟ ಇಳಿಮುಖವಾದ ಹಿರಿಯನಿಗೆ ಕೋಟಿ ಕೋಟಿ. ಯಾಕೆ ಹೀಗೆ?

ಅಲ್ಲಿ ಸಂಬಳ ಮೊದಲು ನೋಡುವುದು ಆಟವನ್ನಲ್ಲ, ಸೇವಾವಧಿಯನ್ನು. ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿ ಕಳೆದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಸೀಸನ್ ಸುಮಾರು 187 ದಿನ. ಅದರಲ್ಲಿ 172 ದಿನ ಪೂರೈಸಿದರೆ ಒಂದು ವರ್ಷದ ಸೇವೆ. ಮೂರು ವರ್ಷ ತುಂಬುವ ತನಕ ಆಟಗಾರನಿಗೆ ಚೌಕಾಸಿ ಮಾಡುವ ಶಕ್ತಿಯೇ ಇಲ್ಲ. ಕ್ಲಬ್ ಹೇಳಿದ್ದೇ ಸಂಬಳ, ಅದು ಲೀಗಿನ ಕನಿಷ್ಠಕ್ಕಿಂತ ಕಡಿಮೆ ಇರಬಾರದು ಅಷ್ಟೆ. ಈ ಕನಿಷ್ಠ 2022ರಲ್ಲಿ 7 ಲಕ್ಷ ಇತ್ತು, ವರ್ಷಕ್ಕೆ 20 ಸಾವಿರದಂತೆ ಏರಿ 2026ಕ್ಕೆ 7.8 ಲಕ್ಷವಾಗಿದೆ. ಮೂರರಿಂದ ಆರು ವರ್ಷದವರೆಗೆ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥಿಕೆ. ಎರಡರಿಂದ ಮೂರು ವರ್ಷದ ನಡುವೆ ಇರುವವರಲ್ಲಿ ಸೇವಾವಧಿಯ ಲೆಕ್ಕದಲ್ಲಿ ಮೇಲಿನ ಶೇ 22ರಷ್ಟು ಮಂದಿಗೆ ಒಂದು ವರ್ಷ ಮೊದಲೇ ಈ ಹಕ್ಕು ಸಿಗುತ್ತದೆ. ಅವರನ್ನು ಸೂಪರ್ ಟೂ ಎನ್ನುತ್ತಾರೆ. ಆರು ವರ್ಷ ತುಂಬಿದ ಮೇಲೆ ಮಾತ್ರ ಆತ ಫ್ರೀ ಏಜೆಂಟ್, ಯಾವ ಕ್ಲಬ್ಬಿಗೆ ಬೇಕಾದರೂ ಹೋಗಬಹುದು. ಆ ಹಿರಿಯನ ಕೋಟಿಗಳು ಬಂದಿರುವುದು ಈ ಮೂರನೇ ಮೆಟ್ಟಿಲಿನಿಂದ.

ಪ್ರಶ್ನೆ: ಕ್ಲಬ್ ಮನಸ್ಸು ಮಾಡಿದರೆ ಕನಿಷ್ಠಕ್ಕಿಂತ ಹೆಚ್ಚು ಕೊಡಬಹುದಲ್ಲವೇ?

ಕೊಡಬಹುದು, ಆದರೆ ಕೊಡುವುದು ಚೂರುಪಾರು. ಮೈಕ್ ಟ್ರೌಟ್ 2012ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದು, ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಎರಡನೆಯವನಾದ. ಮರುವರ್ಷ ಅವನಿಗೆ ಅವನ ಕ್ಲಬ್ ಏಂಜಲ್ಸ್ ಕೊಟ್ಟದ್ದು 5.1 ಲಕ್ಷ, ಆಗಿನ ಕನಿಷ್ಠಕ್ಕಿಂತ ಬರೀ 20 ಸಾವಿರ ಹೆಚ್ಚು.

2022ರ ಒಪ್ಪಂದದಲ್ಲಿ ಇದಕ್ಕೊಂದು ಸಣ್ಣ ಪರಿಹಾರ ಬಂತು. ಆರ್ಬಿಟ್ರೇಷನ್ ಹಂತಕ್ಕೆ ಬಾರದ ಆಟಗಾರರಿಗಾಗಿ ವರ್ಷಕ್ಕೆ 5 ಕೋಟಿಯ ಬೋನಸ್ ನಿಧಿ. ಎಂವಿಪಿ ಅಥವಾ ಸೈ ಯಂಗ್ (ಪಿಚರ್, ಅಂದರೆ ಚೆಂಡೆಸೆಯುವವರಲ್ಲಿ ವರ್ಷದ ಶ್ರೇಷ್ಠನಿಗೆ ಕೊಡುವ) ಪ್ರಶಸ್ತಿ ಗೆದ್ದವನಿಗೆ 25 ಲಕ್ಷ, ಎರಡನೆಯವನಿಗೆ 17.5 ಲಕ್ಷ, ವರ್ಷದ ಹೊಸ ಆಟಗಾರನಿಗೆ 7.5 ಲಕ್ಷ. ಎರಡು ಪ್ರಶಸ್ತಿ ಬಂದರೂ ದೊಡ್ಡದೊಂದೇ ಸಿಗುತ್ತದೆ. ಉಳಿದ ಹಣ ಅಂಕಿಅಂಶದ ಲೆಕ್ಕದಲ್ಲಿ ಮೊದಲ ನೂರು ಆಟಗಾರರಿಗೆ ಹಂಚಿಕೆಯಾಗುತ್ತದೆ. ಮೂವತ್ತು ಕ್ಲಬ್‌ಗಳ ನಡುವೆ ಹಂಚಿದರೆ ಈ ನಿಧಿಗೆ ತಲಾ ಬೀಳುವುದು 17 ಲಕ್ಷಕ್ಕೂ ಕಡಿಮೆ. ಕ್ಲಬ್‌ಗಳಿಗೆ ಇದೇನೂ ಭಾರವಲ್ಲ.

ಪ್ರಶ್ನೆ: ಚೆನ್ನಾಗಿ ಆಡುವವನನ್ನು ಏಪ್ರಿಲ್‌ನಲ್ಲಿ ಎರಡು ವಾರ ಮೈನರ್ ಲೀಗ್‌ನಲ್ಲಿ (ಕೆಳಹಂತದ ಲೀಗ್) ಕೂರಿಸುವುದೇಕೆ?

172 ದಿನದ ಗೆರೆ ದಾಟದಿರಲಿ ಎಂದು. 2015ರಲ್ಲಿ ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಒಂಬತ್ತು ಹೋಮ್ ರನ್ ಹೊಡೆದರೂ ತಂಡ ಅವನನ್ನು ಕರೆಸಿಕೊಂಡದ್ದು ಏಪ್ರಿಲ್ 17ಕ್ಕೆ. ಸೀಸನ್ ಮುಗಿದಾಗ ಅವನ ಖಾತೆಯಲ್ಲಿ 171 ದಿನ. ಆ ಒಂದು ದಿನದ ಕೊರತೆಯಿಂದ ಅವನು ಫ್ರೀ ಏಜೆಂಟ್ ಆಗುವುದು 2020ರ ಬದಲು 2021ರ ಕೊನೆಗೆ ಹೋಯಿತು. ಆಟಗಾರರ ಸಂಘ ದೂರು ಕೊಟ್ಟಿತು, 2020ರಲ್ಲಿ ಸೋತಿತು.

ಈಗ ನಿಯಮ ಸ್ವಲ್ಪ ಬದಲಾಗಿದೆ. ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದ ಅರ್ಹರಿಗೆ, ಎಷ್ಟೇ ತಡವಾಗಿ ಬಂದಿರಲಿ, ಪೂರ್ತಿ ವರ್ಷದ ಸೇವೆ ಸಿಗುತ್ತದೆ. 2024ರ ಮೇ 11ರಂದು ಪಿಟ್ಸ್‌ಬರ್ಗ್‌ಗೆ ಬಂದ ಪಿಚರ್ ಪಾಲ್ ಸ್ಕೀನ್ಸ್‌ಗೆ ಹಾಗೆಯೇ ಸಿಕ್ಕಿತು. ಅತ್ತ, ಭರವಸೆಯ ಆಟಗಾರನನ್ನು ಮೊದಲ ದಿನದಿಂದಲೇ ಆಡಿಸಿ, ಅವನು ಪ್ರಶಸ್ತಿ ಗೆದ್ದರೆ ಕ್ಲಬ್ಬಿಗೆ, ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆಯ ಲಾಭ. ಹಾಗೆಂದು ತಡೆಹಿಡಿಯುವ ಚಾಳಿ ಪೂರ್ತಿ ನಿಂತಿಲ್ಲ. ಮೊದಲೆರಡು ಸ್ಥಾನಕ್ಕೆ ಬರಲಾರ ಎನಿಸಿದವನ ವಿಷಯದಲ್ಲಿ ಹಳೆಯ ಲೆಕ್ಕವೇ ನಡೆಯುತ್ತದೆ.

ಪ್ರಶ್ನೆ: ಆರ್ಬಿಟ್ರೇಷನ್‌ನಲ್ಲಿ ಏನು ನಡೆಯುತ್ತದೆ?

ಜನವರಿ ಮಧ್ಯದಲ್ಲಿ ಕ್ಲಬ್ ಒಂದು ಮೊತ್ತ, ಆಟಗಾರ ಒಂದು ಮೊತ್ತ ಬರೆದು ಕೊಡುತ್ತಾರೆ. ರಾಜಿಯಾಗದಿದ್ದರೆ ಮೂವರು ಮಧ್ಯಸ್ಥರ ಮುಂದೆ ವಿಚಾರಣೆ: ಒಬ್ಬೊಬ್ಬರಿಗೂ ವಾದಕ್ಕೆ ಒಂದು ಗಂಟೆ, ಪ್ರತಿವಾದಕ್ಕೆ ಅರ್ಧ ಗಂಟೆ. ಮಧ್ಯಸ್ಥರು ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನ ಮೊತ್ತ ಹೇಳುವಂತಿಲ್ಲ. ಹಾಗಾಗಿ ನಿಜವಾದ ಜಗಳ ನಡುಬಿಂದುವಿನ ಬಗ್ಗೆ. 2024ರಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್ 1.99 ಕೋಟಿ ಕೇಳಿದ, ಟೊರಾಂಟೊ 1.805 ಕೋಟಿ ಎಂದಿತು. ನಡುಬಿಂದು 1.8975 ಕೋಟಿ. ಅವನ ಬೆಲೆ ಅದಕ್ಕಿಂತ ಒಂದು ಡಾಲರ್ ಹೆಚ್ಚು ಎಂದು ಮಧ್ಯಸ್ಥರಿಗೆ ಅನಿಸಿದರೂ ಸಾಕು, ಪೂರ್ತಿ 1.99 ಕೋಟಿ. ಗೆದ್ದದ್ದು ಗೆರೆರೊ. ಅತಿಯಾಸೆಯಿಂದ ದೊಡ್ಡ ಮೊತ್ತ ಬರೆದರೆ ನಡುಬಿಂದುವೂ ಮೇಲೇರುತ್ತದೆ, ಅಲ್ಲೇ ಸೋಲು.

ವಾದದಲ್ಲಿ ಕ್ಲಬ್ಬಿನ ಹಣಕಾಸು, ಪತ್ರಿಕೆಗಳ ಹೊಗಳಿಕೆ, ಹಿಂದೆ ಮುಂದಿಟ್ಟ ಪ್ರಸ್ತಾಪಗಳು ಬರುವಂತಿಲ್ಲ. ಬರಬೇಕಾದದ್ದು ಕಳೆದ ಸೀಸನ್ನಿನ ಆಟ, ಹಳೆಯ ಸಂಬಳ, ಗಾಯಗಳು, ಸಮಾನ ಸೇವಾವಧಿಯ ಆಟಗಾರರ ಸಂಬಳ. ತನ್ನ ಆಟಗಾರನ ಎದುರೇ ಕೂತು ಅವನ ಕುಂದುಗಳನ್ನು ಎಣಿಸಬೇಕಾದ ಸ್ಥಿತಿ ಕ್ಲಬ್ಬಿನದು. 2023ರಲ್ಲಿ ಮಿಲ್ವಾಕಿಯ ಕಾರ್ಬಿನ್ ಬರ್ನ್ಸ್ 1.075 ಕೋಟಿ ಕೇಳಿ 1.001 ಕೋಟಿಗೆ ಸೋತ. 7.4 ಲಕ್ಷದ ವ್ಯತ್ಯಾಸಕ್ಕೆ ಸಂಬಂಧ ಕೆಟ್ಟಿತು ಎಂದು ಅವನು ಬಹಿರಂಗವಾಗಿಯೇ ಹೇಳಿದ. ಸೈ ಯಂಗ್ ಗೆದ್ದ ಪಿಚರ್‌ನ ಮನಸ್ಸು ಮುರಿಯಲು ಅದು ತೀರಾ ಅಗ್ಗದ ಕಾರಣ.

ಪ್ರಶ್ನೆ: 21 ವರ್ಷದವನಿಗೆ ಎಂಟು ವರ್ಷದ ಒಪ್ಪಂದ ಕೊಡುತ್ತಾರೆ. ಬೆಲೆ ಕಟ್ಟುವುದು ಹೇಗೆ? ಅಂಥ ಒಪ್ಪಂದಕ್ಕೆ ಸಹಿ ಹಾಕಿದ ಅಟ್ಲಾಂಟಾದ ಅಕುನ್ಯಾಗೆ ಮೋಸವಾಯಿತೇ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ನಿಧಾನವಾಗಿ ನೋಡೋಣ. ಕ್ಲಬ್ ಇಲ್ಲಿ ಕೊಳ್ಳುತ್ತಿರುವುದು ಮೊದಲ ಆರು ವರ್ಷಗಳನ್ನಲ್ಲ, ಅವು ಹೇಗೂ ಅದರ ಕೈಯಲ್ಲೇ ಇವೆ. ಅದಕ್ಕೆ ಬೇಕಾದದ್ದು ಏಳನೆಯ ವರ್ಷದಿಂದಾಚೆಯದು.

ಒಂದು ವರ್ಷ ಸೇವೆ ಮುಗಿಸಿದ ಬ್ಯಾಟರ್ ಇದ್ದಾನೆ, ಮುಕ್ತ ಮಾರುಕಟ್ಟೆಯಲ್ಲಿ ಅವನ ಬೆಲೆ ವರ್ಷಕ್ಕೆ 2.5 ಕೋಟಿ ಎಂದಿಟ್ಟುಕೊಳ್ಳಿ. ಎರಡು ಮತ್ತು ಮೂರನೆಯ ವರ್ಷ ಕನಿಷ್ಠ ಸಂಬಳ, ಸೇರಿಸಿದರೆ ಸುಮಾರು 16 ಲಕ್ಷ. ಆರ್ಬಿಟ್ರೇಷನ್ನಿನ ಮೂರು ವರ್ಷಗಳಿಗೆ ಮಾರುಕಟ್ಟೆ ಬೆಲೆಯ ಶೇ 40, 60, 80 ಎಂಬುದು ಹಳೆಯ ಅಂದಾಜು: 1 ಕೋಟಿ, 1.5 ಕೋಟಿ, 2 ಕೋಟಿ. ಆಮೇಲಿನ ಮೂರು ಸ್ವತಂತ್ರ ವರ್ಷಗಳಿಗೆ 7.5 ಕೋಟಿ. ಎಂಟು ವರ್ಷಕ್ಕೆ ಒಟ್ಟು 12.16 ಕೋಟಿ. ಗಾಯ, ಆಟದ ಕುಸಿತ, ಮುಂಚಿತ ಖಾತ್ರಿ ಇವುಗಳ ಬಾಬ್ತು ಶೇ 30 ಕಳೆದರೆ ಸುಮಾರು 8.5 ಕೋಟಿ. ಕ್ಲಬ್ಬಿನ ಪ್ರಸ್ತಾಪ ಇದರ ಆಸುಪಾಸಿನಲ್ಲಿದ್ದರೆ ಮಾತುಕತೆಗೆ ಕೂರಬಹುದು. ಒಂದು ಎಚ್ಚರಿಕೆ: ಕಡಿತ ಎಲ್ಲ ವರ್ಷಗಳಿಗೂ ಸಮನಾಗಿ ಬೀಳುವುದಿಲ್ಲ. ಆರಂಭದ ವರ್ಷಗಳಲ್ಲಿ ಕನಿಷ್ಠಕ್ಕಿಂತ ತುಸು ಹೆಚ್ಚೇ ಕೊಟ್ಟು, ಕತ್ತರಿಯನ್ನು ಸ್ವತಂತ್ರ ವರ್ಷಗಳ ಮೇಲೆ ಹಾಕುತ್ತಾರೆ.

ಈಗ ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಜೂನಿಯರ್. 2019ರ ಏಪ್ರಿಲ್‌ನಲ್ಲಿ ಸಹಿ ಹಾಕಿದಾಗ ವಯಸ್ಸು 21, ಹಿಂದಿನ ಸೀಸನ್ನಿನ ಸೇವೆ 159 ದಿನ. ಎಂಟು ವರ್ಷಕ್ಕೆ 10 ಕೋಟಿ ಎಂದು ಸುದ್ದಿಯಾಯಿತು. ಬಿಡಿಸಿ ನೋಡಿ: ಮೊದಲೆರಡು ವರ್ಷ 10 ಲಕ್ಷದಂತೆ, 2021ಕ್ಕೆ 50 ಲಕ್ಷ, 2022ಕ್ಕೆ 1.5 ಕೋಟಿ, 2023ರಿಂದ 2026ರವರೆಗೆ ವರ್ಷಕ್ಕೆ 1.7 ಕೋಟಿ. ಕೂಡಿದರೆ 9 ಕೋಟಿ. ಉಳಿದ 1 ಕೋಟಿ ಬೈಔಟ್, ಅಂದರೆ 2027ಕ್ಕೆ ಅವನು ಬೇಡವೆಂದರೆ ಕ್ಲಬ್ ಕೊಡಬೇಕಾದ ಹಣ. 2027 ಮತ್ತು 2028 ಎರಡೂ ಕ್ಲಬ್ ಆಪ್ಷನ್, ಅಂದರೆ ಇಟ್ಟುಕೊಳ್ಳುವ ನಿರ್ಧಾರ ಕ್ಲಬ್ಬಿನದೇ, ತಲಾ 1.7 ಕೋಟಿ. ಬೇಡವೆಂದರೂ 1 ಕೋಟಿ ಹೋಗುವುದರಿಂದ, 2027ಕ್ಕೆ ಅವನನ್ನು ಇಟ್ಟುಕೊಳ್ಳಲು ಕ್ಲಬ್ ನಿಜಕ್ಕೂ ಹೊಸದಾಗಿ ಹಾಕಬೇಕಾದದ್ದು 70 ಲಕ್ಷ ಮಾತ್ರ.

ಒಪ್ಪಂದವಿಲ್ಲದಿದ್ದರೆ ಅವನು 2024ರ ಕೊನೆಗೆ ಫ್ರೀ ಏಜೆಂಟ್. ಅಂದರೆ ಮಾರಿದ್ದು ನಾಲ್ಕು ಸ್ವತಂತ್ರ ವರ್ಷ, 6.8 ಕೋಟಿಗೆ. ಹೋಲಿಕೆಗೆ, ಫ್ರೀ ಏಜೆಂಟ್ ಆಗಿದ್ದ ಆರನ್ ಜಡ್ಜ್ 2022ರ ಡಿಸೆಂಬರ್‌ನಲ್ಲಿ ಪಡೆದದ್ದು ವರ್ಷಕ್ಕೆ 4 ಕೋಟಿಯಂತೆ ಒಂಬತ್ತು ವರ್ಷ. 2023ರಲ್ಲಿ 41 ಹೋಮ್ ರನ್, 73 ಕದ್ದ ಬೇಸ್‌ಗಳೊಂದಿಗೆ ಸರ್ವಾನುಮತದ ಎಂವಿಪಿ ಆದ ಅಕುನ್ಯಾಗೆ ವರ್ಷಕ್ಕೆ 1.7 ಕೋಟಿ ಬಹಳ ಕಡಿಮೆ.

ಆದರೆ ಇನ್ನೊಂದು ಮುಖವೂ ಇದೆ. 2014ರಲ್ಲಿ ವೆನೆಜುವೆಲಾದ ಈ ಹುಡುಗ 16ನೇ ವಯಸ್ಸಿನಲ್ಲಿ ಸಹಿ ಹಾಕಿದ್ದು ಒಂದು ಲಕ್ಷ ಡಾಲರ್‌ಗೆ. 2021ರ ಜುಲೈನಲ್ಲಿ ಬಲ ಮಂಡಿಯ ಲಿಗಮೆಂಟ್ ಹರಿಯಿತು, 2024ರ ಮೇ ತಿಂಗಳಲ್ಲಿ ಎಡ ಮಂಡಿಯದು. ಎರಡೂ ಸಲ ಸಂಬಳ ನಿಲ್ಲಲಿಲ್ಲ. ಒಪ್ಪಂದವಿಲ್ಲದೆ ಹೋಗಿದ್ದರೆ, ಎರಡನೆಯ ಶಸ್ತ್ರಚಿಕಿತ್ಸೆ ಆಗಿ ಕೆಲವೇ ತಿಂಗಳಿಗೆ ಅವನು ಮಾರುಕಟ್ಟೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಆದ್ದರಿಂದ ಬೇಗ ಸಹಿ ಹಾಕಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಕೊನೆಯ ಎರಡು ವರ್ಷಗಳ ನಿರ್ಧಾರವನ್ನು ಅಷ್ಟು ಅಗ್ಗಕ್ಕೆ ಕ್ಲಬ್ಬಿನ ಕೈಗಿಟ್ಟದ್ದು ತಪ್ಪು. ಅದೇ ತಿಂಗಳು ಅದೇ ಕ್ಲಬ್ಬಿನ ಓಝಿ ಆಲ್ಬಿಸ್ ಏಳು ವರ್ಷಕ್ಕೆ 3.5 ಕೋಟಿ, ಮೇಲೆ 70 ಲಕ್ಷದ ಎರಡು ಆಪ್ಷನ್‌ಗೆ ಒಪ್ಪಿದ. ಅದನ್ನು ಮಾತ್ರ ಸಮರ್ಥಿಸುವುದು ಕಷ್ಟ.

ಪ್ರಶ್ನೆ: ಒಪ್ಪದೆ ಕಾದವರು ಗೆದ್ದಿದ್ದಾರೆಯೇ? ಕ್ಲಬ್ ಎಂದೂ ಸೋಲುವುದಿಲ್ಲವೇ?

ಹ್ವಾನ್ ಸೋಟೊ 2022ರಲ್ಲಿ ವಾಷಿಂಗ್ಟನ್‌ನ 15 ವರ್ಷ, 44 ಕೋಟಿಯ ಪ್ರಸ್ತಾಪವನ್ನು ತಿರಸ್ಕರಿಸಿದ. ಅವನನ್ನು ಸ್ಯಾನ್ ಡಿಯೇಗೊಗೆ ಕಳಿಸಿದರು. 2024ರಲ್ಲಿ ಆರ್ಬಿಟ್ರೇಷನ್ ಹಂತದಲ್ಲೇ ಯಾಂಕೀಸ್‌ನಿಂದ 3.1 ಕೋಟಿ ಪಡೆದು, ಆ ಡಿಸೆಂಬರ್‌ನಲ್ಲಿ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿಯ ಒಪ್ಪಂದ ಮಾಡಿಕೊಂಡ. 19ಕ್ಕೇ ಮೇಜರ್ ಲೀಗ್‌ಗೆ ಬಂದವನಾದ್ದರಿಂದ 26ಕ್ಕೇ ಸ್ವತಂತ್ರನಾದ. ಕಾಯುವುದು ಇಂಥವರಿಗೆ ಒಪ್ಪುತ್ತದೆ. 24ಕ್ಕೋ 25ಕ್ಕೋ ಬಂದವನು ಸ್ವತಂತ್ರನಾಗುವಾಗ 30 ದಾಟಿರುತ್ತದೆ, ಮಾರುಕಟ್ಟೆ ಆಗ ಕರಗಿರುತ್ತದೆ. ಪಿಚರ್‌ಗಳಿಗೆ ಮೊಣಕೈ ಗಾಯದ ಭಯ ಬೇರೆ.

ಕ್ಲಬ್‌ಗಳೂ ಸೋತಿವೆ. ಹ್ಯೂಸ್ಟನ್ 2014ರಲ್ಲಿ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡದ ಜಾನ್ ಸಿಂಗಲ್‌ಟನ್‌ಗೆ ಐದು ವರ್ಷಕ್ಕೆ 1 ಕೋಟಿ ಕೊಟ್ಟು, 2018ರಲ್ಲಿ ಕೈಬಿಟ್ಟಿತು. ಫಿಲಡೆಲ್ಫಿಯಾ 2018ರಲ್ಲಿ ಸ್ಕಾಟ್ ಕಿಂಗರಿಗೆ ಆರು ವರ್ಷಕ್ಕೆ 2.4 ಕೋಟಿ ಕೊಟ್ಟಿತು, ಮೂರು ವರ್ಷದಲ್ಲಿ ಅವನು ಮುಖ್ಯ ಪಟ್ಟಿಯಿಂದಲೇ ಹೊರಗೆ. ಆದರೆ ಈ ನಷ್ಟಗಳ ಗಾತ್ರ ನೋಡಿ: ಇಬ್ಬರದೂ ಸೇರಿ 3.4 ಕೋಟಿ, ಜಡ್ಜ್‌ನ ಒಂದು ವರ್ಷದ ಸಂಬಳಕ್ಕಿಂತ ಕಡಿಮೆ.

ಬೆಲೆಯ ಬಗ್ಗೆ ಇಬ್ಬರಿಗೂ ಒಮ್ಮತ ಬಾರದಾಗ ಒಂದು ಜಾಣ ದಾರಿ ಸಿಯಾಟಲ್ ತೋರಿಸಿದೆ. 2022ರ ಆಗಸ್ಟ್‌ನಲ್ಲಿ ಹೂಲಿಯೊ ರೊಡ್ರಿಗೆಸ್‌ಗೆ 20.93 ಕೋಟಿ ಖಾತ್ರಿ. ಮುಂದಿನ ವರ್ಷಗಳ ಕ್ಲಬ್ ಆಪ್ಷನ್ ಎಷ್ಟು ದೊಡ್ಡದೆಂಬುದನ್ನು ಎಂವಿಪಿ ಮತದಾನದಲ್ಲಿ ಅವನ ಸ್ಥಾನ ನಿರ್ಧರಿಸುತ್ತದೆ, ಗರಿಷ್ಠ ಮೊತ್ತ 47 ಕೋಟಿವರೆಗೆ. ಕ್ಲಬ್ ಬೇಡವೆಂದರೆ ಐದು ವರ್ಷ, 9 ಕೋಟಿಯ ಆಯ್ಕೆ ಆಟಗಾರನ ಕೈಯಲ್ಲಿ. ಅಕುನ್ಯಾ ಒಪ್ಪಂದದಲ್ಲಿ ಇಲ್ಲದ್ದು ಇದೇ.

ಪ್ರಶ್ನೆ: ಈ ನಿಯಮಗಳು ಎಷ್ಟು ಕಾಲ ಇರುತ್ತವೆ?

ಈಗಿನ ಸಾಮೂಹಿಕ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಕನಿಷ್ಠ ಸಂಬಳ, ಬೋನಸ್ ನಿಧಿ, ಸೂಪರ್ ಟೂ ಪ್ರಮಾಣ ಎಲ್ಲವೂ ಆಮೇಲೆ ಮತ್ತೆ ಮಾತುಕತೆಯ ಮೇಜಿಗೆ ಬರುತ್ತವೆ. ಹಿಂದಿನ ಸಲ 99 ದಿನಗಳ ಲಾಕೌಟ್ ಆದ ಮೇಲೆ ಕನಿಷ್ಠ ಸಂಬಳ 5.7 ಲಕ್ಷದಿಂದ 7 ಲಕ್ಷಕ್ಕೆ ಏರಿತ್ತು. ಆರು ವರ್ಷದ ನಿಯಮ ಮಾತ್ರ ಆಗಲೂ ಅಲುಗಲಿಲ್ಲ.