ಮಣ್ಣು ಕೆಡುವುದು ತಿಳಿವಳಿಕೆ ಇಲ್ಲದ್ದರಿಂದಲೇ?

ಪ್ರಶ್ನೆ: ಗೊಬ್ಬರವನ್ನು ಮಿತಿಮೀರಿ ಸುರಿದು, ಇಳಿಜಾರಿನಲ್ಲಿ ಒಡ್ಡು ಹಾಕದೆ ಉತ್ತು ರೈತರೇ ತಮ್ಮ ಮಣ್ಣನ್ನು ಕೆಡಿಸಿಕೊಳ್ಳುತ್ತಾರೆ ಎನ್ನುತ್ತಾರೆ. ಇದಕ್ಕೆ ಅಜ್ಞಾನ ಕಾರಣವೋ, ಬಡತನವೋ? ಮಣ್ಣಿನ ಸಮೀಕ್ಷೆಗೆ ಹೊರಟಿರುವ ನಾನು ರೈತರನ್ನು ಏನು ಕೇಳಬೇಕು?
– ಕೃಷಿ ವಿದ್ಯಾರ್ಥಿನಿ

ಉತ್ತರ: ಅಜ್ಞಾನ ಎಂಬ ಉತ್ತರವನ್ನು ನಾನು ಒಪ್ಪಲಾರೆ. ದೊಡ್ಡ ಮಳೆಯ ಮರುದಿನ ಹೊಲಕ್ಕೆ ಹೋದವರಿಗೆ ಬೆರಳಗಲದ ಕೊರಕಲುಗಳು, ಬುಡದ ಮಣ್ಣು ತೊಳೆದುಹೋಗಿ ಬೇರು ಹೊರಗೆ ಕಾಣುವ ಪೈರು, ಕೆಳಗಿನ ಬದುವಿಗೆ ಬಂದು ನಿಂತ ನುಣ್ಣನೆಯ ಮಣ್ಣು ಕಾಣದೇ ಇರುವುದಿಲ್ಲ. ಕಂಡ ಮೇಲೂ ಅವರು ಸುಮ್ಮನಿರುವುದೇಕೆ ಎಂದು ಕೇಳಿದರೆ, ಆ ಹೊಲ ಮುಂದಿನ ವರ್ಷ ಯಾರ ಕೈಯಲ್ಲಿರುತ್ತದೆ ಎಂಬ ಮಾತಿಗೆ ಬರಬೇಕಾಗುತ್ತದೆ.

ಬಾಯಿಮಾತಿನ ಮೇಲೆ ಒಂದೇ ವರ್ಷಕ್ಕೆ ಗುತ್ತಿಗೆ ಪಡೆದವರನ್ನು ನೋಡಿ. ಕೊಟ್ಟಿಗೆ ಗೊಬ್ಬರದ ಸಾರಜನಕದಲ್ಲಿ ಒಂದು ಭಾಗ ಮಾತ್ರ ಮೊದಲ ಬೆಳೆಗೆ ದಕ್ಕುತ್ತದೆ. ಉಳಿದದ್ದು ನಿಧಾನವಾಗಿ ಕೊಳೆತು ಮುಂದಿನ ವರ್ಷಗಳ ಬೆಳೆಗೆ, ಅಂದರೆ ಮುಂದಿನ ಗುತ್ತಿಗೆದಾರನಿಗೆ ಸೇರುತ್ತದೆ. ಯೂರಿಯಾ ಹಾಗಲ್ಲ, ಹಾಕಿದ್ದು ಕೆಲವೇ ದಿನಗಳಲ್ಲಿ ಎಲೆಯಲ್ಲಿ ಕಾಣುತ್ತದೆ. ಸುಗ್ಗಿಯ ಹೊತ್ತಿಗೆ ಸಾಲ ತೀರಿಸಬೇಕಾದವರು ಯಾವುದನ್ನು ಆರಿಸುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಬೇಗ ಹಣ ತರುವ ಬೆಳೆಯನ್ನೇ ಮತ್ತೆ ಮತ್ತೆ ಬೆಳೆಯುವಂತೆ ಮಾಡಿ ಅದೇ ಸಾಲ ಬೆಳೆ ಬದಲಾವಣೆಯನ್ನೂ ನುಂಗುತ್ತದೆ. ಉರುವಲು ಕೊಳ್ಳಲಾಗದ ಮನೆಯಲ್ಲಿ ಹೊಲಕ್ಕೆ ಹೋಗಬೇಕಾದ ಸಗಣಿ ಬೆರಣಿಯಾಗಿ ಒಲೆ ಸೇರುತ್ತದೆ.

ಹಣದಷ್ಟೇ ಸಾಮಾಜಿಕ ಸ್ಥಾನವೂ ಇಲ್ಲಿ ಕೆಲಸ ಮಾಡುತ್ತದೆ. ಘಾನಾದ ಅಕ್ವಪಿಮ್ ಪ್ರದೇಶದಲ್ಲಿ ಹೊಲವನ್ನು ಕೆಲವು ವರ್ಷ ಬೀಳು ಬಿಟ್ಟು ಸಾರ ಮರಳಿಸಿಕೊಳ್ಳುವುದು ರೂಢಿ. ಆದರೆ ಬೀಳು ಬಿಟ್ಟ ಹೊಲವನ್ನು ಬೇರೆಯವರು ಕೇಳಿ ಪಡೆಯುವ ಭಯವಿರುತ್ತದೆ. ಊರಿನಲ್ಲಿ ಅಧಿಕಾರ ಸ್ಥಾನ ಹೊಂದಿದವರು ಧೈರ್ಯವಾಗಿ ಬೀಳು ಬಿಡುತ್ತಾರೆ, ಮಹಿಳೆಯರು ಬಿಡಲಾರದೆ ಕಡಿಮೆ ಇಳುವರಿಗೆ ಒಗ್ಗಿಕೊಳ್ಳುತ್ತಾರೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಮಾರ್ಕಸ್ ಗೋಲ್ಡ್‌ಸ್ಟೀನ್ ಮತ್ತು ಕ್ರಿಸ್ಟೋಫರ್ ಉಡ್ರಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಹಾಗೆಂದು ಬಡತನದ ಮೇಲೆಯೇ ಎಲ್ಲ ಹೊರೆಯನ್ನೂ ಹಾಕಬೇಡಿ. ಭಾರವಾದ ಯಂತ್ರ ಓಡಿಸಿ ಕೆಳಮಣ್ಣನ್ನು ಗಟ್ಟಿಗೊಳಿಸುವವರು ಬಡವರಲ್ಲ. ಇನ್ನೊಂದೆಡೆ, 1930ರ ದಶಕದಲ್ಲಿ ಸವೆದುಹೋದ ನೆಲ ಎನಿಸಿಕೊಂಡಿದ್ದ ಕೀನ್ಯಾದ ಮಚಾಕೋಸ್ ಜಿಲ್ಲೆಯಲ್ಲಿ 1990ರ ಹೊತ್ತಿಗೆ ಜನಸಂಖ್ಯೆ ಐದು ಪಟ್ಟಿಗೂ ಮೀರಿ ಬೆಳೆದಿತ್ತು, ಸವಕಳಿ ಮಾತ್ರ ಬಹುಪಾಲು ಹತೋಟಿಗೆ ಬಂದಿತ್ತು. ಅಲ್ಲಿನವರು ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿ, ಮಣ್ಣನ್ನು ಮೇಲ್ಬದಿಗೆ ಎಸೆದು ಒಡ್ಡು ಕಟ್ಟಿದರು. ವರ್ಷಗಳು ಕಳೆದಂತೆ ಒಡ್ಡಿನ ಹಿಂದೆ ಮಣ್ಣು ತುಂಬಿ ಹೊಲ ಮೆಟ್ಟಿಲಾಯಿತು. ಇಷ್ಟು ದುಡಿಯಲು ಅವರಿಗೆ ಹೊಲ ತಮ್ಮದೆಂಬ ಭರವಸೆ, ನೈರೋಬಿಯ ಮಾರುಕಟ್ಟೆ ಮತ್ತು ಪಟ್ಟಣದ ಕೂಲಿಯಿಂದ ಬಂದ ಹಣ ನೆರವಾದವು.

ಆದ್ದರಿಂದ ನಿಮ್ಮ ಪ್ರಶ್ನಾವಳಿಯಲ್ಲಿ ಮಣ್ಣಿನ ಸಾರವನ್ನು ಸೂಚಿಸುವ ಸಾವಯವ ಇಂಗಾಲದ ಅಂಕಿಯ ಪಕ್ಕದಲ್ಲೇ ಗುತ್ತಿಗೆ ಎಷ್ಟು ವರ್ಷದ್ದು, ಸಾಲದ ಗಡುವು ಯಾವಾಗ, ಹೊಲದ ಪತ್ರ ಯಾರ ಹೆಸರಿನಲ್ಲಿದೆ ಎಂಬುದಕ್ಕೂ ಜಾಗವಿರಲಿ. ಕೊನೆಯದನ್ನು ಮನೆಯ ಹೆಂಗಸರನ್ನು ಪ್ರತ್ಯೇಕವಾಗಿ ಕೇಳುವುದು ಒಳಿತು.