40ನೇ ಪುಟದಲ್ಲಿ ನಿಂತ ಕಾದಂಬರಿಗೆ ಓದು ಏನು ಮಾಡಬಲ್ಲದು?

ನಿಮ್ಮ ಪ್ರಶ್ನೆ ಇಷ್ಟು: ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ಮನೆಮಾತು ತುಳು, ಪೇಟೆಯಲ್ಲಿ ಮಲಯಾಳ, ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಕಾದಂಬರಿ ಶುರುಮಾಡಿದರೆ 40 ಪುಟ ದಾಟುವಷ್ಟರಲ್ಲಿ ನಿಂತುಬಿಡುತ್ತದೆ. ಇನ್ನಷ್ಟು ಕಾದಂಬರಿ ಓದಿದರೆ ಸರಿಹೋದೀತೇ? ಪಾತ್ರಗಳು ಯಾವ ಭಾಷೆಯಲ್ಲಿ ಮಾತಾಡಬೇಕು? ನೀವು ಇವನ್ನು ಎರಡು ಪ್ರಶ್ನೆಯಾಗಿ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಒಂದೇ ಗಂಟು.

ಬರೆದ 40 ಪುಟ ತೆಗೆದು, ಇಬ್ಬರು ಎದುರುಬದುರು ಮಾತಾಡುವ ಕಡೆಯೆಲ್ಲ ಪೆನ್ಸಿಲಿನಿಂದ ಅಂಚಿಗೊಂದು ಗೆರೆ ಎಳೆಯಿರಿ. ಹತ್ತು ಪುಟ ತಿರುವಿದರೂ ಒಂದು ಗೆರೆ ಸಿಗದಿದ್ದರೆ ತೊಡಕು ಅಲ್ಲೇ ಇದೆ. ಮಾತಿನ ಭಾಷೆ ತೀರ್ಮಾನವಾಗದವರು ತಮಗೇ ತಿಳಿಯದ ಹಾಗೆ ಪಾತ್ರಗಳ ಬಾಯಿ ಮುಚ್ಚಿಸಿ ಎಲ್ಲವನ್ನೂ ತಾವೇ ಹೇಳುತ್ತಾ ಹೋಗುತ್ತಾರೆ. ತೋಟ, ಮಳೆ, ಚಾವಡಿ, ಅಜ್ಜನ ಕಾಲದ ಜಾಗದ ತಕರಾರು. ಹೀಗೆ ಹೇಳಲು ಯಾರಲ್ಲೇ ಆದರೂ ಇರುವ ಸರಕು 40-50 ಪುಟಕ್ಕೆ ತೀರುತ್ತದೆ. ಒಬ್ಬಳು ಕೇಳಿದ್ದನ್ನು ಇನ್ನೊಬ್ಬ ಕೊಡಲಾರೆ ಅಂದಾಗಲೇ ಕತೆಗೆ ಕಾಲು ಬರುವುದು, ಅದಕ್ಕೆ ಅವರು ಬಾಯಿ ಬಿಡಬೇಕು.

ಆದ್ದರಿಂದ ಓದಿ, ಆದರೆ ರಾಶಿ ಪುಸ್ತಕ ಬೇಡ. ಒಂದೇ ಕಾದಂಬರಿಯನ್ನು ಎರಡು ಸಲ ಓದಿ. ಮೊದಲ ಸಲ ಕತೆಗಾಗಿ, ಎಲ್ಲರೂ ಓದುವಂತೆ. ಎರಡನೆಯ ಸಲ ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಪ್ರತಿ ಅಧ್ಯಾಯಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ: ಎಷ್ಟು ಪುಟ, ಕತೆಯೊಳಗೆ ಎಷ್ಟು ಕಾಲ ಕಳೆಯಿತು, ಯಾರು ಯಾರಲ್ಲಿ ಏನು ಬಯಸಿದರು, ಕೊನೆಗೆ ಯಾವುದು ಮೊದಲಿನಂತೆ ಉಳಿಯಲಿಲ್ಲ. ದಿನಕ್ಕೆ ಎರಡು ಅಧ್ಯಾಯ ಸಾಕು, ಹೆಚ್ಚಾದರೆ ಮತ್ತೆ ಕತೆಯೇ ಎಳೆದುಕೊಂಡು ಹೋಗುತ್ತದೆ.

ಈ ಲೆಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಾಲ. ನುರಿತವರು ಆರು ವರ್ಷವನ್ನು ಅರ್ಧ ಪುಟದಲ್ಲಿ ದಾಟಿಸಿ, ಒಂದು ರಾತ್ರಿಗೆ ಹದಿನೈದು ಪುಟ ಕೊಡುತ್ತಾರೆ. ಹೊಸಬರು ವರ್ಷಕ್ಕೆ ಇಷ್ಟು ಪುಟ ಎಂದು ಸಮನಾಗಿ ಹಂಚುತ್ತಾರೆ, ಬಾಲ್ಯಕ್ಕೇ ಕಾಗದವೆಲ್ಲ ಖರ್ಚಾಗುತ್ತದೆ. ನಿಮ್ಮ 40 ಪುಟಕ್ಕೂ ಇದೇ ಲೆಕ್ಕ ಹಾಕಿ ನೋಡಿ.

ಯಾವುದನ್ನು ಓದುವುದು? ನಿಮ್ಮ ಕಷ್ಟವನ್ನೇ ಎದುರಿಸಿದವರನ್ನು. ನಿರಂಜನರ ‘ಚಿರಸ್ಮರಣೆ’ 1941ರ ಕಯ್ಯೂರು ರೈತ ಹೋರಾಟದ ಕತೆ. ಆ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅಲ್ಲಿಯ ಜನ ಮಲಯಾಳ ಮಾತಾಡುವವರು, ಪುಸ್ತಕ ಕನ್ನಡದ್ದು. ನಮ್ಮ ಜಿಲ್ಲೆಯವರಿಗೆ ಕೊನೆ ಮೊದಲೇ ಗೊತ್ತು. ಹಾಗಿದ್ದೂ ಪುಟ ತಿರುಗುವುದು ಯಾಕೆ ಎಂಬುದನ್ನು ಅಧ್ಯಾಯ ಅಧ್ಯಾಯವಾಗಿ ಹುಡುಕಿ. ಮುಂದೇನಾಗುತ್ತದೆ ಎಂಬ ಕುತೂಹಲವೊಂದೇ ಕಾದಂಬರಿಯನ್ನು ನಡೆಸುವುದಲ್ಲ ಎಂಬುದು ಆಗ ಕೈಗೆ ಸಿಗುತ್ತದೆ. ಎರಡನೆಯದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಅದು ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ವಾರಕ್ಕೊಂದು ಕಂತು ಓದುವವರನ್ನು ಮುಂದಿನ ವಾರದವರೆಗೆ ಹಿಡಿದಿಡಲು ಏನು ಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟು ಓದಿ. ಕಥಾನಾಯಕಿ ನಾದಿರಾಳ ಮನೆಯೊಳಗಿನ ಮಾತು ಎಲ್ಲಿ ಸಾದಾ ಕನ್ನಡ, ಎಲ್ಲಿ ಮನೆಯ ಪದವನ್ನು ಹಾಗೆಯೇ ಉಳಿಸಿದ್ದಾರೆ, ಗುರುತು ಹಾಕಿ. ನಿಮಗೆ ಮಲಯಾಳ ಓದಲು ಬರುತ್ತದಾದರೆ ಅಂಬಿಕಾಸುತನ್ ಮಾಙಾಡ್ ಅವರ ‘ಎನ್ಮಕಜೆ’ಯನ್ನೂ ಓದಿ. ನಮ್ಮ ಗಡಿಯ ಊರನ್ನು ಆಚೆ ಭಾಷೆಯಲ್ಲಿ ಬರೆದಾಗ ಏನೇನು ಬದಲಾಗುತ್ತದೆ ಎಂದು ತಿಳಿಯುತ್ತದೆ.

ಈಗ ಮಾತಿನ ಭಾಷೆ. ಒಂದು ಸಾಲು ಹಿಡಿದು ನೋಡುವ. ಎಲ್ಲರೂ ಮದುವೆಗೆ ಹೊರಟಿದ್ದಾರೆ, ಅಜ್ಜಿ ಮಾತ್ರ ಜಗಲಿಯಿಂದ ಏಳುವುದಿಲ್ಲ. ಆಕೆ ತುಳುವಿನಲ್ಲಿ ಅಂದದ್ದು ‘ಯಾನ್ ಬರ್ಪುಜಿ’. ‘ನಾನು ಬರುವುದಿಲ್ಲ’ ಎಂದು ಬರೆದರೆ ಅರ್ಥ ಸರಿ, ಆದರೆ ಅಜ್ಜಿ ಪಾಠಪುಸ್ತಕ ಓದಿದ ಹಾಗೆ ಕೇಳುತ್ತದೆ. ಗ್ರಾಮ್ಯವಾಗಲಿ ಎಂದು ‘ನಾ ಬರಾಕಿಲ್ಲ’ ಎಂದರೆ ಆಕೆ ಒಮ್ಮೆಲೆ ಘಟ್ಟ ಹತ್ತಿಬಿಡುತ್ತಾಳೆ. ಸಿನಿಮಾದಿಂದ ಬಂದ ಈ ತಪ್ಪು ನಮ್ಮ ಕಡೆಯ ಹಸ್ತಪ್ರತಿಗಳಲ್ಲಿ ಬಹಳ. ‘ನಾನು ಬರುದಿಲ್ಲ’ ಎನ್ನುವುದು ನಮ್ಮ ಕರಾವಳಿ ಕನ್ನಡ. ಬದಿಯಡ್ಕದವರಿಗೆ ಹಿತ, ಬೆಂಗಳೂರಿನವರೂ ಎಡವುವುದಿಲ್ಲ. ಮಾತಿಗೆಲ್ಲ ಇದೇ ಇರಲಿ, ನಿರೂಪಣೆ ಸಾದಾ ಬರಹದ ಕನ್ನಡದಲ್ಲಿರಲಿ. ತುಳು, ಮಲಯಾಳ, ಹವ್ಯಕ ಕನ್ನಡ ಹಾಗೆಯೇ ಬರಬೇಕಾದ್ದು ಕರೆಯುವಾಗ, ಸಿಟ್ಟು ನೆತ್ತಿಗೇರಿದಾಗ, ಬೇರೆ ಹೆಸರೇ ಇಲ್ಲದ ವಸ್ತುವಿಗೆ. ಹವ್ಯಕರ ಮನೆಯವಳು ಇಡೀ ಕಾದಂಬರಿಯಲ್ಲಿ ಒಂದೇ ಒಂದು ಸಲ ‘ಆನು ಬತ್ತಿಲ್ಲೆ’ ಅಂದರೆ ಅದರ ತೂಕವೇ ಬೇರೆ.

ಕರೆಯುವ ಪದಗಳಲ್ಲಿ ಒಂದು ಅಪಾಯವಿದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಧಾರವಾಡದ ಓದುಗ ತಿರುಗಾಮುರುಗಾ ಮಾಡಿಕೊಂಡು ನಾಲ್ಕು ಅಧ್ಯಾಯ ಓದುತ್ತಾನೆ. ಅಡಿಟಿಪ್ಪಣಿ, ಕೊನೆಯಲ್ಲಿ ಪದಕೋಶ, ಎರಡೂ ಕೆಲಸಕ್ಕೆ ಬರುವುದಿಲ್ಲ, ಕತೆಯ ನಡುವೆ ಯಾರೂ ಕೊನೆಯ ಪುಟಕ್ಕೆ ಹೋಗುವುದಿಲ್ಲ. ಪದ ಮೊದಲ ಸಲ ಬರುವ ವಾಕ್ಯದಲ್ಲೇ ಕೆಲಸ ಮುಗಿಸಿ: ‘ಅಪ್ಪೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.’ ಸೆರಗು ಎಲ್ಲವನ್ನೂ ಹೇಳಿತು.

ಊರಿನ ಹೆಸರೂ ಮಾತೇ. ಕನ್ನಡದವನು ಕುಂಬಳೆ, ಮಂಜೇಶ್ವರ ಅನ್ನುತ್ತಾನೆ. ಮಲಯಾಳದವನು ಕುಂಬಳ, ಮಂಜೇಶ್ವರಂ. ಬಸ್ಸಿನ ಕಂಡಕ್ಟರನ ಬಾಯಲ್ಲಿ ಆ ಒಂದು ‘ಅಂ’ ಇಟ್ಟರೆ ಅವನು ಯಾವ ಭಾಷೆಯವನು ಎಂದು ಬೇರೆ ಹೇಳಬೇಕಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯ ಕಚೇರಿಯ ಭಾಷೆ ಒಂದು, ಮನೆಯದು ಇನ್ನೊಂದು. ನಿಮ್ಮ ಪಾತ್ರ ಗ್ರಾಮ ಕಚೇರಿಯ ಮೆಟ್ಟಿಲು ಹತ್ತುವಾಗ ನಾಲಗೆ ಬದಲಿಸುತ್ತಾನಲ್ಲ, ಅದು ಒಂದು ಪೂರ್ತಿ ಸನ್ನಿವೇಶ. ಅದನ್ನು ‘ಅವನು ಮಲಯಾಳದಲ್ಲಿ ಕೇಳಿದನು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಪಟ್ಟಿ ಮಾಡಿ. ತುಳುವಿನ ‘ಈರ್’ ಎಲ್ಲೆಲ್ಲಿ ‘ನೀವು’ ಆಗಬೇಕು, ‘ಈ’ ಎಲ್ಲೆಲ್ಲಿ ‘ನೀನು’, ಎಲ್ಲ ಖಚಿತವಾಗಿರಲಿ. 30 ಪುಟ ‘ನೀವು’ ಅಂದ ಸೊಸೆ ಒಂದು ದಿನ ‘ನೀನು’ ಅಂದರೆ ಮನೆ ನಡುಗಬೇಕು. ಪಟ್ಟಿ ಇಲ್ಲದೆ ಹೋದರೆ ಅದು ಅಚ್ಚಿನ ತಪ್ಪಾಗಿ ಕಾಣುತ್ತದೆ. ಕಾಗುಣಿತವೂ ಅಷ್ಟೇ: ಬರುದಿಲ್ಲ, ಬರೂದಿಲ್ಲ, ಬರೋದಿಲ್ಲ, ಇವುಗಳಲ್ಲಿ ಒಂದನ್ನು ಆರಿಸಿ, ಕೊನೆವರೆಗೆ ಬಿಡಬೇಡಿ.

ದಿನದ ಅಳತೆ: 250 ಪದ, ಅಂದರೆ ಕೈಬರಹದ ಒಂದು ದೊಡ್ಡ ಪುಟ. 160 ದಿನಕ್ಕೆ 40,000 ಪದ. ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಡೆಮಿ 1/8 ಗಾತ್ರದಲ್ಲಿ ಸುಮಾರು 170-180 ಪುಟ, ಮೊದಲ ಕಾದಂಬರಿಗೆ ಧಾರಾಳ. ನಿನ್ನೆಯದನ್ನು ತಿದ್ದುತ್ತ ಕೂರಬೇಡಿ. ಮೊದಲ ಅಧ್ಯಾಯವನ್ನೇ ಹತ್ತು ಸಲ ತಿದ್ದಿದವರ ಎರಡನೆಯ ಅಧ್ಯಾಯ ನಾನು ಕಂಡದ್ದು ಕಡಿಮೆ. ಸಂಜೆ ಏಳುವಾಗ ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಏಳಿ: ಒಬ್ಬ ಕೇಳಿರಬೇಕು, ಇನ್ನೊಬ್ಬನ ಉತ್ತರ ನಾಳೆಗೆ ಉಳಿದಿರಬೇಕು.

ಆ 40 ಪುಟ ಹರಿಯಬೇಡಿ. ಅದರಲ್ಲಿ ವರ್ಣನೆಯೇ ತುಂಬಿದ ಮೂರು ಪುಟ ಆರಿಸಿ, ಅದೇ ಸಂಗತಿಯನ್ನು ಇಬ್ಬರ ಜಗಳವಾಗಿ ಮತ್ತೆ ಬರೆಯಿರಿ. ಬರೆದದ್ದನ್ನು ಮನೆಯ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಿ. ‘ಅವಳು ಹಾಗೆ ಹೇಳ್ಲಿಕ್ಕಿಲ್ಲ’ ಎಂದು ಅವರು ತಡೆದ ಕಡೆಯೆಲ್ಲ ಪೆನ್ಸಿಲಿನ ಗುರುತು ಹಾಕಿ. ಮರುದಿನ ಶುರುಮಾಡಬೇಕಾದ್ದು ಆ ಗುರುತುಗಳಿಂದ.